ಆಲೆಮನೆಯ ಹೊಗೆಯಲ್ಲಿ ಆಸ್ತಮಾ ಅಳೆದ ಬಗೆ

ಮಂಡ್ಯದ ಸುತ್ತಮುತ್ತ ಆಲೆಮನೆಯ ಒಲೆಗೆ ಸಿಪ್ಪೆ ಹಾಕುವವರಲ್ಲಿ ಆಸ್ತಮಾ ಇದ್ದರೆ, ನಾನು ನೆಚ್ಚುವುದು ಗಾಳಿ ಅಳೆಯುವ ಯಂತ್ರವನ್ನಲ್ಲ, ಜೋರಾಗಿ ಊದಿದಾಗ ಉಸಿರು ಎಷ್ಟು ವೇಗವಾಗಿ ಹೊರಬರುತ್ತದೆಂದು ತೋರಿಸುವ ಪೀಕ್ ಫ್ಲೋ ಮೀಟರನ್ನು. ಗಾಳಿಯ ಕಣಗಳನ್ನು ಬೆಳಕಿನಿಂದ ಎಣಿಸುವ ಲೇಸರ್ ಸೆನ್ಸರನ್ನೂ ಮೂಗಿನ ಎತ್ತರಕ್ಕೆ ಕಟ್ಟುತ್ತೇನೆ. ಆದರೆ ಕೊಪ್ಪರಿಗೆಯ ಹಬೆ ತಾಗಿದರೆ ಅದು ನೀರಿನ ಹನಿಯನ್ನೂ ಧೂಳೆಂದು ಎಣಿಸುತ್ತದೆ. ತೇವಾಂಶ ಶೇ. 80 ದಾಟಿದಾಗಿನ ಅಂಕಿಗಳನ್ನು ಬಿಟ್ಟುಬಿಡುತ್ತೇನೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಇಂಥ ಅಗ್ಗದ ಸೆನ್ಸರ್‌ಗೆ ಸುಮಾರು 0.3 ಮೈಕ್ರಾನ್‌ಗಿಂತ ಸಣ್ಣ ಕಣ ಕಾಣುವುದೇ ಇಲ್ಲ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಹೊಗೆಯಲ್ಲಿರುವ ನ್ಯಾನೊಕಣಗಳು 0.1 ಮೈಕ್ರಾನ್‌ಗಿಂತಲೂ ಚಿಕ್ಕವು. 2.5 ಮೈಕ್ರಾನಿನ ಒಂದು ಕಣದ ತೂಕಕ್ಕೆ ಅದೇ ವಸ್ತುವಿನ 0.1 ಮೈಕ್ರಾನಿನ 15,625 ಕಣ ಬೇಕು. ಹಾಗಾಗಿ ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ ಒಟ್ಟು ತೂಕ, ಇಳಿದಿದೆ ಎಂದು ನೆಮ್ಮದಿಯಿಂದಿರುವಂತಿಲ್ಲ. ಈ ನ್ಯಾನೊಕಣಗಳು ಶ್ವಾಸಕೋಶದ ತುದಿಯ ಗಾಳಿಗೂಡಿನ ತನಕ ಇಳಿಯುತ್ತವೆ. ಅಲ್ಲಿನ ಕಸ ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೊಫೇಜ್‌ಗಳು ಅವನ್ನು ನುಂಗಿ ತೆರವು ಮಾಡಲು ಒದ್ದಾಡುತ್ತವೆ. ಕಣದ ಮೈಗೆ ಅಂಟಿದ ಲೋಹ, ಇಂಗಾಲದ ಸಂಯುಕ್ತಗಳು ಜೀವಕೋಶದಲ್ಲಿ ಆಕ್ಸಿಡೇಟಿವ್ ಒತ್ತಡ (ಆಮ್ಲಜನಕದ ಉಗ್ರ ಕಣಗಳಿಂದಾಗುವ ಹಾನಿ) ಎಬ್ಬಿಸಿ ಉರಿಯೂತದ ಸಂಕೇತಗಳನ್ನು ಹೊರಡಿಸುತ್ತವೆ. ಮೊದಲೇ ಕೆರಳಿದ ಶ್ವಾಸನಾಳ ಇನ್ನಷ್ಟು ಊದಿಕೊಂಡು ಬಿಗಿಯುತ್ತದೆ. ಆಸ್ತಮಾ ಇರುವವರ ಶ್ವಾಸಕೋಶದಲ್ಲಿ ಈ ಕಣಗಳು ಉಳಿಯುವುದೂ ಹೆಚ್ಚು.

ಪೀಕ್ ಫ್ಲೋ ಬರೆಸುವುದು ಗಾಣ ಓಡುವ ಎರಡು ವಾರ, ನಿಂತ ಎರಡು ವಾರ. ದಿನಕ್ಕೆ ನಾಲ್ಕು ಹೊತ್ತು, ಇನ್‌ಹೇಲರ್ ಎಳೆಯುವ ಮೊದಲು. ನಿಂತುಕೊಂಡು, ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು ಒಮ್ಮೆಲೇ ಜೋರಾಗಿ ಊದಬೇಕು. ಮೂರು ಸಲದಲ್ಲಿ ಹೆಚ್ಚಿನದನ್ನು ಬರೆದುಕೊಳ್ಳುವುದು. ಮುಳ್ಳಿಗೆ ಬೆರಳು ತಾಗಿದರೆ ಅಂಕಿ ಕಡಿಮೆ ಬರುತ್ತದೆ, ಉಗುಳುವ ಹಾಗೆ ಊದಿದರೆ ಸುಳ್ಳೇ ಹೆಚ್ಚು ಬರುತ್ತದೆ. ಒಬ್ಬರ ಅತ್ಯುತ್ತಮ ಅಂಕಿ ನಿಮಿಷಕ್ಕೆ 400 ಲೀಟರ್ ಎಂದುಕೊಳ್ಳಿ: 320ರ ಕೆಳಗೆ ಎಚ್ಚರ, 200ರ ಕೆಳಗೆ ತಡಮಾಡದೆ ಆಸ್ಪತ್ರೆ. ಒಂದೇ ದಿನದ ರಜೆ ಹಾಕಿಸಿ ಹೋಲಿಸಿದರೆ ಏನೂ ತಿಳಿಯದು, ಉರಿಯೂತ ಇಳಿಯಲು ದಿನಗಳೇ ಬೇಕು. ಈ ನಾಲ್ಕು ವಾರ ವೈದ್ಯರು ಕೊಟ್ಟ ಔಷಧದ ಪ್ರಮಾಣ ಒಂದೇ ಇದ್ದರೆ ಹೋಲಿಕೆಗೆ ಬೆಲೆ. ಆದರೆ ಉಸಿರು ಕಟ್ಟಿದಾಗ ರಿಲೀವರ್ (ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್) ತಡೆಯಬಾರದು, ತೆಗೆದುಕೊಂಡ ಹೊತ್ತು ಬರೆದರೆ ಸಾಕು.

ಸಿಪ್ಪೆ ಚೆನ್ನಾಗಿ ಒಣಗಿರಲಿ, ಹಸಿಯಿದ್ದರೆ ಹೊಗೆ ಕಾರುತ್ತದೆ. ಟೈರ್, ಪ್ಲಾಸ್ಟಿಕ್ ಒಲೆಗೆ ಹೋಗಲೇಬಾರದು. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಆಸ್ತಮಾ ಇರುವವರನ್ನು ಒಲೆಬಾಯಿಂದ ಬಿಡಿಸಿ, ಗಾಳಿ ಬರುವ ಕಡೆ ಅಚ್ಚು ಹೊಯ್ಯುವ ಕೆಲಸಕ್ಕೆ ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು. ಮುಖಕ್ಕೆ ಸುತ್ತಿದ ಟವೆಲ್ ಈ ಕಣಗಳಿಗೆ ತಡೆಯೇ ಅಲ್ಲ. ಎನ್95 ಮಾಸ್ಕ್‌ನ ಎಳೆಗಳು ನ್ಯಾನೊಕಣಗಳನ್ನೂ ಹಿಡಿಯುತ್ತವೆ, ಆದರೆ ಗಡ್ಡ ಬಿಟ್ಟಿದ್ದರೆ ಅಂಚಿನಿಂದಲೇ ಹೊಗೆ ಒಳನುಗ್ಗುತ್ತದೆ. ಬೆವರು, ಹಬೆಗೆ ತೊಯ್ದ ಮಾಸ್ಕ್ ಬದಲಿಸಬೇಕು.

ಬೆಲ್ಲದ ಬಣ್ಣಕ್ಕೆ ಹೈಡ್ರೋಸ್ (ಬಣ್ಣ ತಿಳಿಯಾಗಿಸುವ ಗಂಧಕಯುಕ್ತ ಪುಡಿ) ಹಾಕಿದ ಹೊತ್ತನ್ನೂ ಅದೇ ಪುಸ್ತಕದಲ್ಲಿ ಬರೆಸುತ್ತೇನೆ. ಅದರಿಂದ ಏಳುವ ಗಂಧಕದ ಡೈಆಕ್ಸೈಡ್ ಕೆಲವೇ ನಿಮಿಷಗಳಲ್ಲಿ ಉಸಿರುನಾಳ ಬಿಗಿಸಬಲ್ಲದು. ಬರೆಯದೆ ಬಿಟ್ಟರೆ ಆ ಇಳಿತವೂ ಹೊಗೆಯ ಲೆಕ್ಕಕ್ಕೇ ಸೇರಿಹೋಗುತ್ತದೆ.