ಅಮೆರಿಕದಲ್ಲಿ ಎಲೆಕ್ಟ್ರಾಲಿಸಿಸ್ ಲೈಸೆನ್ಸ್: ವಿಮಾನ ಹತ್ತುವ ಮುನ್ನ ಬೆಂಗಳೂರಲ್ಲೇ ಮುಗಿಸಬೇಕಾದ ಕೆಲಸ

ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಬ್ಯೂಟಿ ಪಾರ್ಲರ್ ನಡೆಸುವವರ ಗೋಡೆಯ ಮೇಲೆ ಪಾಲಿಕೆಯ ಉದ್ದಿಮೆ ಪರವಾನಗಿ ತೂಗುತ್ತಿರುತ್ತದೆ. ಅದು ಮಳಿಗೆಗೆ ಕೊಟ್ಟದ್ದು. ಒಳಗೆ ಎಲೆಕ್ಟ್ರಾಲಿಸಿಸ್ ಮಾಡುವವರಿಗೆ, ಅಂದರೆ ಸೂಜಿ ಹಿಡಿದು ಗಲ್ಲದ ಕೂದಲಿಗೆ ಕರೆಂಟ್ ಕೊಟ್ಟು ಬೇರನ್ನೇ ಸುಡುವವರಿಗೆ ಅಂತ ಕರ್ನಾಟಕದಲ್ಲಿ ಪ್ರತ್ಯೇಕ ಲೈಸೆನ್ಸ್ ಇಲ್ಲ. ಹಾಗಾಗಿ ಇಲ್ಲಿ ಹತ್ತು ವರ್ಷ ದುಡಿದು ಅಮೆರಿಕಕ್ಕೆ ಹೊರಟವರು ಕೇಳುವ ಮೊದಲ ಪ್ರಶ್ನೆ ಒಂದೇ: "ಕೆಲಸ ಗೊತ್ತು, ಡಿಪ್ಲೊಮಾ ಇದೆ, ಅಷ್ಟು ಸಾಲದಾ?" ಕ್ಯಾಲಿಫೋರ್ನಿಯಾದಲ್ಲಿ ಸಾಲದು. ಟೆಕ್ಸಾಸಿನಲ್ಲಿ ಕೇಳುವವರೇ ಇಲ್ಲ. ಈ ವ್ಯತ್ಯಾಸ ತಿಳಿಯದೆ ಫೀಸು ಕಟ್ಟಿದರೆ ದುಡ್ಡೂ ಹೋಯಿತು, ವರ್ಷವೂ ಹೋಯಿತು.

ಅಮೆರಿಕದಲ್ಲಿ ಈ ಲೈಸೆನ್ಸ್ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಕ್ಯಾಲಿಫೋರ್ನಿಯಾದಲ್ಲಿ ಬಾರ್ಬರಿಂಗ್ ಮತ್ತು ಕಾಸ್ಮೆಟಾಲಜಿ ಮಂಡಳಿ ಎಲೆಕ್ಟ್ರಾಲಜಿಸ್ಟ್ ಎಂಬ ಬೇರೆಯದೇ ಲೈಸೆನ್ಸ್ ಕೊಡುತ್ತದೆ. ಕಾಸ್ಮೆಟಾಲಜಿಸ್ಟ್ ಲೈಸೆನ್ಸ್ ಇದ್ದರೂ ಈ ಸೂಜಿ ಮುಟ್ಟುವಂತಿಲ್ಲ. ಮಂಡಳಿ ಒಪ್ಪಿದ ಶಾಲೆಯಲ್ಲಿ 600 ಗಂಟೆ ತರಬೇತಿ, 17 ವರ್ಷ ವಯಸ್ಸು, ಹತ್ತನೇ ತರಗತಿ ಮುಗಿಸಿದ ದಾಖಲೆ, ಆಮೇಲೆ ಲಿಖಿತ ಪರೀಕ್ಷೆ. ಮೊದಲು ಪ್ರಾಯೋಗಿಕ ಪರೀಕ್ಷೆಯೂ ಇತ್ತು. 2022ರ ಜನವರಿಯಿಂದ ಅದನ್ನು ಕೈಬಿಟ್ಟಿದ್ದಾರೆ. ಲೈಸೆನ್ಸನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ವಂತ ಕೋಣೆ ತೆರೆಯುವುದಾದರೆ ಜಾಗಕ್ಕೂ ಪ್ರತ್ಯೇಕ ಲೈಸೆನ್ಸ್ ಬೇಕು.

ಫ್ಲೋರಿಡಾದ ಲೆಕ್ಕ ಬೇರೆ. ಅಲ್ಲಿ ಇದು ವೈದ್ಯಕೀಯ ಮಂಡಳಿಯ ಕೆಳಗಿರುವ ಎಲೆಕ್ಟ್ರಾಲಿಸಿಸ್ ಕೌನ್ಸಿಲ್‌ಗೆ ಸೇರಿದ ವಿಷಯ. 120 ಗಂಟೆ ಪಾಠ, 200 ಗಂಟೆ ಕೈಕೆಲಸ, ಒಟ್ಟು 320. ಕನೆಕ್ಟಿಕಟ್ ರಾಜ್ಯದಲ್ಲಿ ಈ ಕಸುಬಿನವರನ್ನು ಹೈಪರ್‌ಟ್ರೈಕಾಲಜಿಸ್ಟ್ ಎನ್ನುತ್ತಾರೆ. ಆ ರಾಜ್ಯದ ವೆಬ್‌ಸೈಟಿನಲ್ಲಿ ಎಲೆಕ್ಟ್ರಾಲಜಿಸ್ಟ್ ಅಂತ ಹುಡುಕಿ ಏನೂ ಸಿಗಲಿಲ್ಲ ಎಂದರೆ ಕಾರಣ ಇಷ್ಟೇ. ಟೆಕ್ಸಾಸ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ವರ್ಜೀನಿಯಾಗಳಲ್ಲಿ ಎಲೆಕ್ಟ್ರಾಲಿಸಿಸ್‌ಗೆ ರಾಜ್ಯದ ಲೈಸೆನ್ಸೇ ಇಲ್ಲ.

ಲೈಸೆನ್ಸ್ ಇಲ್ಲದ ರಾಜ್ಯ ಸುಲಭ ಅನ್ನಿಸುತ್ತದೆ. ಆದರೆ ಐಟಿ ಕೆಲಸದವರ ಮನೆಯಲ್ಲಿ ಊರು ಬದಲಾಗುವುದು ಎಷ್ಟು ಹೊತ್ತಿನ ಮಾತು? ಡಲ್ಲಾಸಿನಲ್ಲಿ ಐದು ವರ್ಷ ಕೆಲಸ ಮಾಡಿ ಸ್ಯಾನ್ ಹೋಸೆಗೆ ವರ್ಗವಾದರೆ ಮಂಡಳಿಯ ಮುಂದೆ ತೋರಿಸಲು ಲೈಸೆನ್ಸೂ ಇಲ್ಲ, ಗಂಟೆಗಳ ದಾಖಲೆಯೂ ಇಲ್ಲ. ದಾಖಲೆಯಿಲ್ಲದ ಅನುಭವವನ್ನು ಗಂಟೆಯಾಗಿ ಎಣಿಸಿಕೊಳ್ಳುತ್ತಾರೆ ಎಂಬ ಖಾತ್ರಿಯಿಲ್ಲ. ಆದ್ದರಿಂದ ಲೈಸೆನ್ಸ್ ಕೇಳದ ರಾಜ್ಯದಲ್ಲಿದ್ದರೂ 600 ಗಂಟೆಯ ಶಾಲೆಯಲ್ಲೇ ಕಲಿತು, ಗಂಟೆಗಳನ್ನು ವಿಷಯವಾರು ನಮೂದಿಸಿದ ಟ್ರಾನ್ಸ್‌ಕ್ರಿಪ್ಟನ್ನು ಮುದ್ರೆ ಸಮೇತ ಪಡೆದಿಟ್ಟುಕೊಳ್ಳಿ ಎಂಬುದೇ ನಮ್ಮ ಸಲಹೆ. ಶಾಲೆ ಮುಚ್ಚಿಹೋದ ಮೇಲೆ ಆ ಕಾಗದಕ್ಕಾಗಿ ಅಲೆಯುವ ಪಾಡು ಯಾರಿಗೂ ಬೇಡ.

ಇಷ್ಟೊಂದು ಗಂಟೆ ಯಾಕೆ ಎಂದು ಕೇಳುವವರು ಒಂದು ಕೂದಲನ್ನು ಹತ್ತಿರದಿಂದ ನೋಡಬೇಕು. ಕೂದಲು ಚರ್ಮದಿಂದ ಯಾವ ಓರೆಯಲ್ಲಿ ಹೊರಟಿದೆಯೋ ಸೂಜಿಯೂ ಅದೇ ಓರೆಯಲ್ಲಿ ಕೂದಲಿನ ಪಕ್ಕ ಇಳಿಯಬೇಕು. ಸೂಜಿಯ ದಪ್ಪ ಒಂದು ಇಂಚಿನ ಸಾವಿರದಲ್ಲಿ ಎರಡರಿಂದ ಆರು ಭಾಗ ಮಾತ್ರ. ಸರಿಯಾಗಿ ಇಳಿದರೆ ಬೆರಳಿಗೆ ತಡೆಯೇ ಸಿಗದು, ಮಲಗಿದವರಿಗೂ ಚುಚ್ಚಿದ್ದು ಗೊತ್ತಾಗದು. ಆಳ ಸಾಲದಿದ್ದರೆ ಬಿಸಿ ಮೇಲ್ಚರ್ಮಕ್ಕೆ ತಾಗಿ ರಂಧ್ರದ ಸುತ್ತ ಬೆಳ್ಳಗಿನ ಉಂಗುರ ಮೂಡುತ್ತದೆ, ಮರುದಿನ ಹಕ್ಕಳೆ ಕಟ್ಟುತ್ತದೆ. ಆಳ ಹೆಚ್ಚಾದರೆ ಕೂದಲ ಕೋಶದ, ಅಂದರೆ ಕೂದಲು ಬೆಳೆಯುವ ಕೊಳವೆಯ, ತಳ ತೂತಾಗಿ ರಕ್ತದ ಹನಿ ಕಾಣುತ್ತದೆ. ಕರೆಂಟ್ ಸರಿಯಾಗಿ ಕೆಲಸ ಮಾಡಿದ ಕೂದಲು ಚಿಮಟಕ್ಕೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬರುತ್ತದೆ. ಸ್ವಲ್ಪವೇ ಎಳೆತ ಗೊತ್ತಾದರೂ ಅದು ಬರೀ ಕಿತ್ತ ಕೂದಲು, ಮತ್ತೆ ಬೆಳೆಯುತ್ತದೆ. ಹೊಸಬರು ಇಲ್ಲಿ ಮಾಡುವ ತಪ್ಪು ಎಂದರೆ ತಕ್ಷಣ ಕರೆಂಟ್ ಏರಿಸುವುದು. ಮೊದಲು ಓರೆ, ಆಮೇಲೆ ಆಳ, ಆಮೇಲೆ ಸಮಯ, ಕೊನೆಗೆ ಕರೆಂಟ್. ಒಳ್ಳೆಯ ಶಾಲೆ ಈ ಕ್ರಮವನ್ನೇ ತಿಂಗಳುಗಟ್ಟಲೆ ತಿದ್ದಿಸುತ್ತದೆ.

ವಿಧಾನ ಮೂರು. ಮೊದಲನೆಯದು ಗ್ಯಾಲ್ವನಿಕ್. ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ ಒಳಮುಖವಾಗಿ ಬೆಳೆದು ಕಣ್ಣಿಗೆ ಚುಚ್ಚುವ ರೆಪ್ಪೆಕೂದಲನ್ನು ಹೀಗೆ ತೆಗೆದದ್ದನ್ನು 1875ರಲ್ಲಿ ಪ್ರಕಟಿಸಿದರು. ನೇರ ವಿದ್ಯುತ್ತು ಕೋಶದೊಳಗಿನ ಉಪ್ಪುನೀರನ್ನು ಒಡೆದು ಸೋಡಿಯಂ ಹೈಡ್ರಾಕ್ಸೈಡ್ ಹುಟ್ಟಿಸುತ್ತದೆ, ಬೇರನ್ನು ಸುಡುವುದು ಆ ಕ್ಷಾರ. ಅದಕ್ಕೊಂದು ಅಳತೆಯೂ ಇದೆ: ಒಂದು ಮಿಲಿಆಂಪಿಯರಿನ ಹತ್ತನೇ ಒಂದು ಭಾಗ ಒಂದು ಸೆಕೆಂಡ್ ಹರಿದರೆ ಒಂದು ಯುನಿಟ್. ಥರ್ಮಾಲಿಸಿಸ್‌ನಲ್ಲಿ ಅಧಿಕ ಆವರ್ತನದ ವಿದ್ಯುತ್ತು, ಹೆಚ್ಚಿನ ಯಂತ್ರಗಳಲ್ಲಿ 13.56 ಮೆಗಾಹರ್ಟ್ಸ್, ಕೋಶದ ತೇವವನ್ನೇ ಬಿಸಿ ಮಾಡುತ್ತದೆ. ಎರಡನ್ನೂ ಸೇರಿಸಿದ್ದು ಬ್ಲೆಂಡ್. ಪೇಸ್‌ಮೇಕರ್ ಇರುವವರಿಗೆ ಹೃದಯ ವೈದ್ಯರ ಒಪ್ಪಿಗೆ ಇಲ್ಲದೆ ಯಾವುದನ್ನೂ ಮಾಡಬಾರದು.

ನಮ್ಮ ಬಣ್ಣದ ಚರ್ಮಕ್ಕೆ ಇನ್ನೊಂದು ಎಚ್ಚರಿಕೆ ಬೇಕು. ಸುಟ್ಟ ಗಾಯ ಮಾಸಿದರೂ ಅದರ ಕಂದು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಶಕ್ತಿ ಕಡಿಮೆ ಇಟ್ಟು, ಅಕ್ಕಪಕ್ಕದ ಕೂದಲನ್ನು ಒಂದೇ ದಿನ ತೆಗೆಯದೆ, ಕಾಂಡಕ್ಕೆ ನಿರೋಧಕ ಲೇಪನವಿರುವ ಸೂಜಿ ಬಳಸುವುದನ್ನು ಕಲಿಯಿರಿ. ಶಾಲೆಗೆ ಸೇರುವ ಮುನ್ನ ಕಪ್ಪು, ಗೋಧಿ ಬಣ್ಣದ ಚರ್ಮದವರ ಮೇಲೂ ಅಭ್ಯಾಸ ಸಿಗುತ್ತದಾ ಎಂದು ನೇರವಾಗಿ ಕೇಳಿ. ಹಾರ್ಮೋನಿನ ಏರುಪೇರಿನಿಂದ ಮುಖದ ಮೇಲೆ ಕೂದಲು ಬರಿಸುವ ಪಿಸಿಓಎಸ್ ಇರುವ ನಮ್ಮ ಹೆಣ್ಣುಮಕ್ಕಳೇ ಮುಂದೆ ನಿಮ್ಮಲ್ಲಿಗೆ ಬರುವವರು.

ಇನ್ನು ವೀಸಾ. ಎಚ್-1ಬಿ ಕೆಲಸದ ವೀಸಾದವರ ಸಂಗಾತಿಗೆ ಸಿಗುವ ಎಚ್-4 ಇರುವವರು ಶಾಲೆಗೆ ಸೇರಿ ಕಲಿಯಲು ಅಡ್ಡಿಯಿಲ್ಲ. ದುಡಿಯಲು ಮಾತ್ರ ಇಎಡಿ ಎಂಬ ಕೆಲಸದ ಪರ್ಮಿಟ್ ಬೇಕು. ಸಂಗಾತಿಯ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಅದಕ್ಕೆ ಅರ್ಜಿ ಹಾಕಬಹುದು, ಈ ಅವಕಾಶ 2015ರಿಂದ ಇದೆ. ರಾಜ್ಯದ ಲೈಸೆನ್ಸ್ ಕೈಗೆ ಬಂದ ಮಾತ್ರಕ್ಕೆ ದುಡಿಯುವ ಹಕ್ಕು ಬಂದಂತಲ್ಲ. ಅಪಾರ್ಟ್‌ಮೆಂಟಿನ ಗೆಳತಿಯರಿಗೆ ಮನೆಯಲ್ಲೇ ಮಾಡಿ ದುಡ್ಡು ಪಡೆದರೂ ಅದು ಕೆಲಸವೇ, ಮುಂದಿನ ಗ್ರೀನ್ ಕಾರ್ಡ್ ಅರ್ಜಿಗೆ ಕುತ್ತು ತರಬಲ್ಲ ಕೆಲಸ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ತೆರಿಗೆಯ ಐಟಿಐಎನ್ ಸಂಖ್ಯೆ ಕೊಟ್ಟು ಲೈಸೆನ್ಸಿಗೆ ಅರ್ಜಿ ಹಾಕಬಹುದು.

ಬೆಂಗಳೂರು ಬಿಡುವ ಮುನ್ನ ಮಾಡಬೇಕಾದ್ದರಲ್ಲಿ ದೊಡ್ಡದು ಹೆಸರಿನ ಕೆಲಸ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಸುಮಾ ಕೆ. ಆರ್. ಅಂತ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಆ ಇನಿಷಿಯಲ್ ಬಿಡಿಸಿ ಸುಮಾ ಕೆರೆಗೋಡು ರಾಮಯ್ಯ ಆಗಿರುತ್ತದೆ. ಸರ್‌ನೇಮ್ ಖಾಲಿ ಬಿಟ್ಟಿದ್ದರೆ ಅಮೆರಿಕದ ವೀಸಾದಲ್ಲಿ ಇದ್ದ ಹೆಸರೆಲ್ಲ ಸರ್‌ನೇಮಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ಮೊದಲ ಹೆಸರು ಗೊತ್ತಿಲ್ಲ ಎಂಬರ್ಥದ ಎಫ್‌ಎನ್‌ಯು ಎಂಬ ಮೂರಕ್ಷರ ಬೀಳುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಗುರುತಿನ ಚೀಟಿಯ ಹೆಸರು ಅರ್ಜಿಯ ಹೆಸರಿಗೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಮೂರೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಇಲ್ಲೇ ಮಾಡಿಸಿ, ಶಾಲೆಯ ದಾಖಲಾತಿಯಿಂದ ಹಿಡಿದು ಪರೀಕ್ಷೆಯ ಅರ್ಜಿವರೆಗೆ ಪಾಸ್‌ಪೋರ್ಟಿನ ಹೆಸರನ್ನೇ ಬರೆಯಿರಿ. ಎಸ್ಸೆಸ್ಸೆಲ್ಸಿ ಜೊತೆಗೆ ಪಿಯುಸಿ ಅಂಕಪಟ್ಟಿಯ ಮೂಲಪ್ರತಿಯೂ ಇರಲಿ, ಹತ್ತನೇ ತರಗತಿ ಸಾಲದ ರಾಜ್ಯಗಳೂ ಇವೆ. ಕಲಿತ ಸಂಸ್ಥೆಯಿಂದ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿ ಪತ್ರ ಪಡೆಯಿರಿ: ಎಲೆಕ್ಟ್ರಾಲಿಸಿಸ್ ಪಾಠ ಎಷ್ಟು ಗಂಟೆ, ಅಭ್ಯಾಸ ಎಷ್ಟು ಗಂಟೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ. ಆರು ತಿಂಗಳ ಡಿಪ್ಲೊಮಾ ಎಂಬ ಒಂದೇ ಸಾಲಿನಲ್ಲಿ ಎಣಿಸಲು ಮಂಡಳಿಯವರಿಗೆ ಏನೂ ಸಿಗುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸು 0, 1, 6ನೇ ತಿಂಗಳಿಗೆ ಬೀಳುವುದರಿಂದ ಅದನ್ನೂ ಇಲ್ಲೇ ಶುರುಮಾಡಿ. ರಕ್ತದ ಸಂಪರ್ಕ ಬರುವ ಕೆಲಸಕ್ಕೆ ಸೇರಿಸಿಕೊಂಡ ಮಾಲೀಕರು ಹತ್ತು ಕೆಲಸದ ದಿನಗಳೊಳಗೆ ಈ ಲಸಿಕೆಯನ್ನು ಉಚಿತವಾಗಿ ಕೊಡಬೇಕು ಎಂಬ ಕೇಂದ್ರ ನಿಯಮ ಅಲ್ಲಿದೆ.

ಶುಚಿತ್ವದ ವಿಷಯದಲ್ಲಿ ಇಲ್ಲಿನ ಅಭ್ಯಾಸ ಬಿಡಲೇಬೇಕು. ನಮ್ಮ ಎಷ್ಟೋ ಪಾರ್ಲರುಗಳಲ್ಲಿ ಕಾಣುವ ನೀಲಿ ದೀಪದ ಯುವಿ ಪೆಟ್ಟಿಗೆ ಸ್ಟೆರಿಲೈಸರ್ ಅಲ್ಲ, ಬೆಳಕು ಬೀಳದ ಮಗ್ಗುಲಲ್ಲಿ ಸೂಕ್ಷ್ಮಜೀವಿ ಉಳಿದೇ ಇರುತ್ತದೆ. ಸೂಜಿ ಒಬ್ಬರಿಗೆ ಒಂದು, ಬಳಸಿದ ಮೇಲೆ ಚೂಪು ವಸ್ತು ಎಸೆಯುವ ಗಟ್ಟಿ ಶಾರ್ಪ್ಸ್ ಡಬ್ಬಿಗೆ. ಚಿಮಟವನ್ನು ತೊಳೆದು, ಒಣಗಿಸಿ, ಪೊಟ್ಟಣ ಕಟ್ಟಿ, ಒತ್ತಡದ ಹಬೆಯಲ್ಲಿ ಜೀವಾಣು ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ಸಿಗೆ 30 ನಿಮಿಷ ಇಡಬೇಕು. ಆ 30 ನಿಮಿಷ ಶುರುವಾಗುವುದು ಬಿಸಿ 121 ಮುಟ್ಟಿದ ಮೇಲೆ. ಒಣ ಬಿಸಿಯಾದರೆ 170 ಡಿಗ್ರಿ, ಒಂದು ಗಂಟೆ. ಪೊಟ್ಟಣದ ಪಟ್ಟಿ ಬಣ್ಣ ಬದಲಾದರೆ ಬಿಸಿ ತಾಗಿತು ಎಂದಷ್ಟೇ ಅರ್ಥ. ಯಂತ್ರ ನಿಜಕ್ಕೂ ಜೀವಾಣು ಕೊಲ್ಲುತ್ತಿದೆಯೇ ಎಂದು ತಿಳಿಯಲು, ಸುಲಭಕ್ಕೆ ಸಾಯದ ಜೀವಾಣು ಬೀಜಗಳನ್ನು ಒಳಗಿಟ್ಟು ಸತ್ತವೇ ಎಂದು ನೋಡುವ ಸ್ಪೋರ್ ಪರೀಕ್ಷೆ ಬೇಕು. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದೂ, ತಪಾಸಣೆಯಲ್ಲಿ ಸಿಕ್ಕಿಬೀಳುವುದೂ ಇಂಥ ಸಣ್ಣ ವಿಷಯಗಳಲ್ಲೇ.

ಬ್ರಿಟನ್ನಿಗೆ ಹೋಗುವವರಿಗೆ ಇಡೀ ದೇಶಕ್ಕೆ ಒಂದೇ ಎನ್ನುವಂಥ ಲೈಸೆನ್ಸ್ ಇಲ್ಲ. ಇಂಗ್ಲೆಂಡಿನಲ್ಲಿ 1982ರ ಸ್ಥಳೀಯಾಡಳಿತ ಕಾಯ್ದೆಯ ಪ್ರಕಾರ ಸ್ಥಳೀಯ ಕೌನ್ಸಿಲ್‌ನಲ್ಲಿ ವ್ಯಕ್ತಿಯೂ ಜಾಗವೂ ನೋಂದಣಿಯಾಗಬೇಕು. ವೇಲ್ಸ್‌ನಲ್ಲಿ 2024ರ ನವೆಂಬರಿನಿಂದ ಅದರ ಬದಲು ಲೈಸೆನ್ಸ್ ಕಡ್ಡಾಯವಾಗಿದೆ. ಲಂಡನ್ನಿನ ಬರೋ ಎಂಬ ಸ್ಥಳೀಯ ಆಡಳಿತಗಳಿಗೆ 1991ರ ಬೇರೆ ಕಾಯ್ದೆ ಇದೆ. ಕೆನಡಾದ ಒಂಟಾರಿಯೋದಲ್ಲಿ ಲೈಸೆನ್ಸ್ ಇಲ್ಲದಿದ್ದರೂ ಆರೋಗ್ಯ ಇಲಾಖೆಯ ಇನ್ಸ್‌ಪೆಕ್ಟರ್ ಬಂದು ನೋಡುತ್ತಾರೆ.

ಕಲಿಯಲು ಅಲ್ಲ, ಚಿಕಿತ್ಸೆ ಪಡೆಯಲು ಹುಡುಕುತ್ತಿರುವವರಿಗೆ: ಲೈಸೆನ್ಸ್ ಇರುವ ರಾಜ್ಯದಲ್ಲಿ ಮಂಡಳಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ, ಅವಧಿ ಮುಗಿದಿದೆಯೇ ಎಂದೂ ತಿಳಿಯುತ್ತದೆ. ಲೈಸೆನ್ಸ್ ಇಲ್ಲದ ಕಡೆ ಅಮೆರಿಕನ್ ಎಲೆಕ್ಟ್ರಾಲಜಿ ಅಸೋಸಿಯೇಷನ್ ಕೊಡುವ ಸಿಪಿಇ ಎಂಬ ಪರಿಣತಿಯ ಪ್ರಮಾಣಪತ್ರ ಇದೆಯೇ, ಎಷ್ಟು ಗಂಟೆ ಕಲಿತಿದ್ದಾರೆ, ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಬಿಚ್ಚುತ್ತಾರೆಯೇ, ಇಷ್ಟು ಕೇಳಿ. ಶಸ್ತ್ರಚಿಕಿತ್ಸೆಗೆ ಮುನ್ನ ಕೂದಲು ತೆಗೆಸುವ ಲಿಂಗತ್ವ ಅಲ್ಪಸಂಖ್ಯಾತರು ವಿಮೆ ಬಳಸುವುದಾದರೆ ಕಂಪನಿ ಏನೇನು ದಾಖಲೆ ಕೇಳುತ್ತದೆ ಎಂದು ಮೊದಲೇ ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ಮುಖ್ಯವಾಗಿ ಥ್ರೆಡಿಂಗ್ ನಿಲ್ಲಿಸಿ. ಹದಿನೈದು ದಿನಕ್ಕೊಮ್ಮೆ ದಾರ ಹಾಕಿಸಿಕೊಂಡು ಹೋದರೆ ಕೂದಲೇ ಇರದ ಕೋಶದಲ್ಲಿ ಸೂಜಿ ಇಳಿಸಲು ದಾರಿ ಸಿಗದು, ಪದೇ ಪದೇ ಕಿತ್ತ ಕೋಶ ಸೊಟ್ಟಗಾಗಿ ಬೇರು ತಲುಪುವುದೂ ಕಷ್ಟ. ನಡುವೆ ಕತ್ತರಿಯಿಂದ ಮಾತ್ರ ಟ್ರಿಮ್ ಮಾಡಿ, ಅಪಾಯಿಂಟ್‌ಮೆಂಟಿನ ಹೊತ್ತಿಗೆ ಚಿಮಟಕ್ಕೆ ಸಿಗುವಷ್ಟು, ಎರಡು ಮೂರು ಮಿಲಿಮೀಟರ್ ಬೆಳೆಯಲು ಬಿಡಿ.