ಇನ್‌ಸ್ಟಾಲ್ ಮಾಡುವ ಮುನ್ನ ಸಹಿ ಯಾರದೆಂದು ನೋಡಿ

ಅಂತರಜಾಲದಿಂದ ಇಳಿಸಿಕೊಂಡ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡಲು ಹೊರಟಾಗ ವಿಂಡೋಸ್ ಪರದೆಯನ್ನು ಮಂಕಾಗಿಸಿ ಅನುಮತಿ ಕೇಳುತ್ತದೆ. ಆ ಚೌಕದಲ್ಲಿರುವ ‘ವೆರಿಫೈಡ್ ಪಬ್ಲಿಷರ್’ ಎಂಬ ಸಾಲನ್ನು ಓದದೆಯೇ ‘ಯೆಸ್’ ಒತ್ತಿಬಿಡುವುದು ನಮ್ಮಲ್ಲಿ ಹಲವರ ರೂಢಿ. ತಂತ್ರಾಂಶವನ್ನು ತಯಾರಿಸಿದವರು ಯಾರು, ಅವರ ಕೈಬಿಟ್ಟ ಮೇಲೆ ಕಡತ ಬದಲಾಗಿದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಅದರ ಡಿಜಿಟಲ್ ಸಹಿ. ಲಕೋಟೆಯ ಮೇಲಿನ ಅರಗಿನ ಮುದ್ರೆಯಂತೆ, ಸಹಿ ಹಾಕಿದ ಭಾಗದಲ್ಲಿ ಒಂದೇ ಒಂದು ಅಕ್ಷರವನ್ನು ತಿದ್ದಿದರೂ ಅದು ಒಡೆಯುತ್ತದೆ.

ಪತ್ರ, ಲೆಕ್ಕಪಟ್ಟಿ ಮುಂತಾದವನ್ನು ಸಿದ್ಧಪಡಿಸುವ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ಬೇಕೆಂದುಕೊಳ್ಳಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆಯೇ ಕಾಣುವ ಜಾಹೀರಾತಿನ ಕೊಂಡಿಯನ್ನು ಒತ್ತದೆ, ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ಕಡತವನ್ನು ತೆರೆಯುವ ಮೊದಲು ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ಆರಿಸಿ, ಅಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಟ್ಯಾಬ್ ಇದೆಯೇ ನೋಡಿ. ಆ ಟ್ಯಾಬ್ ಇಲ್ಲದಿದ್ದರೆ ಕಡತದೊಳಗೆ ಸಹಿಯಿಲ್ಲ ಎಂದರ್ಥ. ಆದರೆ ಜಿಪ್ ಕಡತವಾದರೆ ಮೊದಲು ಬಿಚ್ಚಿ, ಒಳಗಿರುವ ಇನ್‌ಸ್ಟಾಲರನ್ನು ಪರೀಕ್ಷಿಸಬೇಕು.

ಟ್ಯಾಬ್‌ನಲ್ಲಿ ಕಾಣುವ ಹೆಸರನ್ನು ಆರಿಸಿ ‘ಡೀಟೇಲ್ಸ್’ ಒತ್ತಿದಾಗ, ಸಹಿ ಸರಿಯಿದೆ ಎಂಬ ಸಾಲು ಮೇಲ್ಭಾಗದಲ್ಲಿಯೇ ಇರಬೇಕು. ಅಷ್ಟಕ್ಕೇ ನಿಲ್ಲಬೇಡಿ, ಏಕೆಂದರೆ ವಂಚಕರೂ ತಮ್ಮದೊಂದು ಕಂಪನಿಯ ಹೆಸರಿನಲ್ಲಿ ಪ್ರಮಾಣಪತ್ರ (ಸಹಿ ಯಾರದೆಂದು ದೃಢೀಕರಿಸುವ ಡಿಜಿಟಲ್ ದಾಖಲೆ) ಪಡೆದು ಸರಿಯಾಗಿಯೇ ಸಹಿ ಹಾಕಬಲ್ಲರು. ಲಿಬ್ರೆ ಆಫೀಸಿನ ಸಹಿಯಲ್ಲಿ ‘ದಿ ಡಾಕ್ಯುಮೆಂಟ್ ಫೌಂಡೇಶನ್’ ಎಂದಿರಬೇಕು. ಕೇಳರಿಯದ ಇನ್ನಾವುದೋ ಹೆಸರಿದ್ದರೆ ಆ ಕಡತ ಬೇಡ. ಹೆಸರನ್ನು ಅಕ್ಷರ ಅಕ್ಷರವಾಗಿ ಓದುವ ಈ ಅರ್ಧ ನಿಮಿಷವೇ ಇಡೀ ಪರೀಕ್ಷೆಯ ಜೀವಾಳ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಗಾಬರಿ ಬೇಡ: ಅವಧಿಯೊಳಗೆ ಸಹಿ ಬಿದ್ದಿತ್ತೆಂಬುದಕ್ಕೆ ಸಮಯಮುದ್ರೆಯ (ಸಹಿ ಹಾಕಿದ ಹೊತ್ತಿನ ದಾಖಲೆಯ) ಸಾಕ್ಷ್ಯವಿದ್ದರೆ ಅದು ಮುಂದೆಯೂ ಊರ್ಜಿತ.

ಸಹಿಯಿಲ್ಲದ ತಂತ್ರಾಂಶಗಳಿಗೆ ತಯಾರಕರು ಹಲವೊಮ್ಮೆ ಎಸ್‌ಎಚ್‌ಎ 256 ಎಂಬ, 64 ಅಕ್ಷರಗಳ ಬೆರಳಚ್ಚನ್ನು, ಅಂದರೆ ಕಡತದ ಒಳಗಿನದರಿಂದಲೇ ಲೆಕ್ಕಹಾಕಿದ ಗುರುತನ್ನು, ಪ್ರಕಟಿಸಿರುತ್ತಾರೆ. ವಿಂಡೋಸ್‌ನಲ್ಲಿ ಆಜ್ಞೆಗಳನ್ನು ಬರೆಯುವ ಕಿಟಕಿಯಾದ ಪವರ್‌ಶೆಲ್ ತೆರೆದು ‘ಗೆಟ್-ಫೈಲ್‌ಹ್ಯಾಶ್’ (Get-FileHash) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಕಡತವನ್ನು ಎಳೆದು ಆ ಕಿಟಕಿಗೆ ಹಾಕಿ ಎಂಟರ್ ಒತ್ತಿದರೆ ನಿಮ್ಮ ಕಡತದ ಬೆರಳಚ್ಚು ಸಿಗುತ್ತದೆ. ಎರಡನ್ನೂ ಹೋಲಿಸಿ. ಆದರೆ ತಾಣಕ್ಕೇ ಕನ್ನ ಬಿದ್ದಿದ್ದರೆ ಕಡತವನ್ನು ಬದಲಿಸಿದ ಕೈಯೇ ಬೆರಳಚ್ಚನ್ನೂ ಬದಲಿಸಬಹುದು. 2016ರ ಫೆಬ್ರುವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಿರುಗಿಸಿ, ಹಿಂಬಾಗಿಲು (ಹೊರಗಿನವರು ಗುಟ್ಟಾಗಿ ಒಳನುಗ್ಗುವ ದಾರಿ) ಸೇರಿಸಿದ ಪ್ರತಿಯನ್ನು ಹಂಚಿದ್ದರು.

ಸಹಿಗೂ ಒಂದು ಮಿತಿಯಿದೆ. 2017ರಲ್ಲಿ, ಕಂಪ್ಯೂಟರಿನ ಬೇಡದ ಕಡತಗಳನ್ನು ಅಳಿಸುವ ಸಿಕ್ಲೀನರ್ ತಂತ್ರಾಂಶದ 5.33ನೇ ಆವೃತ್ತಿಯೊಳಗೆ ಕುತಂತ್ರಾಂಶ ಸೇರಿದ್ದು ತಯಾರಕರ ಅಂಗಳದಲ್ಲಿಯೇ, ಸಹಿ ಬೀಳುವ ಮೊದಲೇ. ಅಸಲಿ ಸಹಿ ಹೊತ್ತ ಆ ಪ್ರತಿ ಸುಮಾರು 22 ಲಕ್ಷ ಬಳಕೆದಾರರನ್ನು ತಲುಪಿತ್ತು. ಆದ್ದರಿಂದ ಸಹಿ ಸರಿಯಿದ್ದರೂ ಕಡತವನ್ನು ವೈರಸ್‌ಟೋಟಲ್ ತಾಣದಲ್ಲಿ ಹತ್ತಾರು ಆಂಟಿವೈರಸ್‌ಗಳಿಂದ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಗೆ ಏರಿಸಿದ ಕಡತಗಳು ಇತರರಿಗೂ ಸಿಗುವುದರಿಂದ ಸ್ವಂತ ದಾಖಲೆಗಳನ್ನು ಮಾತ್ರ ಹಾಕಬಾರದು.

ಸಹಿ ಅಮಾನ್ಯ ಎಂದು ಬಂದರೆ, ನಡುವೆ ಕಡಿದುಹೋದ ಡೌನ್‌ಲೋಡ್ ಕೂಡ ಕಾರಣವಿರಬಹುದಾದ್ದರಿಂದ, ಕಡತವನ್ನು ಅಳಿಸಿ ಮತ್ತೊಮ್ಮೆ ಇಳಿಸಿಕೊಳ್ಳಿ. ಆಗಲೂ ಅದೇ ಉತ್ತರ ಬಂದರೆ ಇನ್‌ಸ್ಟಾಲ್ ಮಾಡದೆ ತಯಾರಕರಿಗೆ ಬರೆದು ತಿಳಿಸಿ.