ರೆಸಾರ್ಟ್ ತೆರೆದಿದೆ ಎಂದರೆ ಯಾವ ಬಾಗಿಲು?

ಕಲಬುರಗಿಯ ನೆಹರೂ ಗಂಜ್‌ನ ದಾಲ್ ಮಿಲ್ ಒಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಹತ್ತೊಂಬತ್ತು ವರ್ಷವಾಯಿತು. ತೊಗರಿಯ ಚೀಲ ಒಳಗೆ ಬಂದದ್ದಕ್ಕೂ ಬೇಳೆ ಹೊರಗೆ ಹೋದದ್ದಕ್ಕೂ ಚೀಟಿ ಕಾಣದೆ ಒಂದು ಸಾಲು ಬರೆಯುವವಳಲ್ಲ. ಇಂಥವಳು 2016ರಲ್ಲಿ ಪುಕ್ಕಟೆ ಊಟದ ಕೂಪನ್ ನಂಬಿ ಹೈದರಾಬಾದಿನ ಹೋಟೆಲಿಗೆ ಹೋಗಿ, ಎರಡೂವರೆ ತಾಸು ಮಾರಾಟದವರ ಮಾತು ಕೇಳಿ, 3,20,000 ರೂಪಾಯಿಯ ಟೈಮ್‌ಶೇರ್ ಸದಸ್ಯತ್ವಕ್ಕೆ ಸಹಿ ಹಾಕಿ ಬಂದೆ. ಅಂದರೆ ಹಣವನ್ನು ಮೊದಲೇ ಕೊಟ್ಟು, ಪ್ರತಿ ವರ್ಷ ಇಷ್ಟು ರಾತ್ರಿ ಕಂಪನಿಯ ರೆಸಾರ್ಟ್‌ಗಳಲ್ಲಿ ತಂಗುವ ಹಕ್ಕು. ನನ್ನದು 25 ವರ್ಷ, ವರ್ಷಕ್ಕೆ 7 ರಾತ್ರಿ. ಊಟವೇನೋ ಚೆನ್ನಾಗಿತ್ತು.

ಕೊರೊನಾ ಬಂದು ರೆಸಾರ್ಟ್‌ಗಳು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು ಎಂದು ಎರಡು ವರ್ಷ ಆಟವಾಡಿದಾಗ ನಾನು ಪೆಟ್ಟು ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗುಡ್ಡ ಕುಸಿದು ದಾರಿ ಮುಚ್ಚಿದರೂ ಇದೇ ಕ್ರಮ ನಡೆಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಆದದ್ದು ನೆನಪಿರಬಹುದು.

ಮೊದಲು ನಿಮ್ಮ ಒಂದು ರಾತ್ರಿಯ ಬೆಲೆ ಎಷ್ಟೆಂದು ತೆಗೆಯಿರಿ. ನನ್ನದು ಹೀಗೆ: 3,20,000 ಭಾಗ 25, ಅಂದರೆ ವರ್ಷಕ್ಕೆ 12,800. ಅದರ ಮೇಲೆ ವಾರ್ಷಿಕ ನಿರ್ವಹಣಾ ಶುಲ್ಕ 14,000, ಅದಕ್ಕೆ ಶೇ 18ರ ಜಿಎಸ್‌ಟಿ ಸೇರಿ 16,520. ಒಟ್ಟು 29,320. ಏಳರಿಂದ ಭಾಗಿಸಿದರೆ ರಾತ್ರಿಗೆ ಸುಮಾರು 4,190 ರೂಪಾಯಿ, ಬಡ್ಡಿ ಹಿಡಿದಿಲ್ಲ. ಈ ಅಂಕಿ ಕಣ್ಣೆದುರು ಇಲ್ಲದಿದ್ದರೆ ‘ಹೋಗಲಿ ಬಿಡು, ಏಳು ದಿನ ತಾನೇ’ ಎನಿಸುತ್ತದೆ. ನಮ್ಮ ಮನೆಯವರು ಹಾಗೆಯೇ ಅಂದರು. 29,320 ಎಂದ ಮೇಲೆ ಸುಮ್ಮನಾದರು.

ಎರಡನೆಯದು, ಅವಸರಪಟ್ಟು ನೀವಾಗಿಯೇ ರದ್ದು ಮಾಡಬೇಡಿ. ಇದನ್ನು ನನಗೆ ಕಲಿಸಿದ್ದು ರೈಲು. 2020ರ ಏಪ್ರಿಲ್‌ಗೆ ಕೊಡಗಿನಲ್ಲಿ ಮೂರು ರಾತ್ರಿ, ಅಲ್ಲಿಗೆ ಹೋಗಲು ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್‌ನಲ್ಲಿ ನಾಲ್ಕು ಟಿಕೆಟ್. ಮಾರ್ಚ್ ಕೊನೆಯ ವಾರ ಪ್ರಯಾಣಿಕರ ರೈಲುಗಳು ನಿಂತವು. ರೈಲ್ವೆಯೇ ರೈಲನ್ನು ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್‌ನ ಪೂರ್ತಿ ಹಣ ತಾನಾಗಿ ಖಾತೆಗೆ ಬರುತ್ತದೆ, ನಾವು ಮೊದಲೇ ರದ್ದು ಮಾಡಿದರೆ ಕಡಿತವಾಗುತ್ತದೆ. ಟಿಕೆಟ್ ವಿಷಯದಲ್ಲಿ ಕಾದೆ, ಪೂರ್ತಿ ಬಂತು. ಕೋಣೆಯ ವಿಷಯದಲ್ಲಿ ಮಾತ್ರ ಗಾಬರಿಯಾಗಿ ಮೊಬೈಲ್‌ನಲ್ಲಿ ‘ರದ್ದು’ ಒತ್ತಿಬಿಟ್ಟೆ. ಮೂರು ರಾತ್ರಿಯೂ ಹೋದವು, ಏಕೆಂದರೆ ನನ್ನ ಒಪ್ಪಂದದ ಪ್ರಕಾರ ಸದಸ್ಯರು ಕೊನೆಯ ದಿನಗಳಲ್ಲಿ ರದ್ದು ಮಾಡಿದರೆ ರಾತ್ರಿಗಳು ಖರ್ಚಾದ ಲೆಕ್ಕ. ಕಂಪನಿಯವರೇ ರದ್ದು ಮಾಡಿದ್ದರೆ ಮರಳಿ ಜಮೆಯಾಗುತ್ತಿದ್ದವು. ಆ ಮೂರನ್ನು ವಾಪಸ್ ಪಡೆಯಲು ಹನ್ನೊಂದು ಮೇಲ್ ಬರೆಯಬೇಕಾಯಿತು.

ಆದ್ದರಿಂದ ಕಂಪನಿಗೆ ಹೀಗೆ ಕೇಳಿ: “ಆ ದಿನಾಂಕಕ್ಕೆ ಕೋಣೆ ಕೊಡಲು ನಿಮ್ಮಿಂದ ಸಾಧ್ಯವೇ? ಇಲ್ಲವಾದರೆ ನೀವೇ ರದ್ದು ಮಾಡಿ, ರಾತ್ರಿಗಳನ್ನು ಜಮೆ ಮಾಡಿ, ಯಾವ ತಾರೀಖಿನವರೆಗೆ ಬಳಸಬಹುದು ಎಂದು ಬರೆದು ತಿಳಿಸಿ.” ಫೋನಿನಲ್ಲಿ ಎಷ್ಟು ಸಿಹಿಯಾಗಿ ಒಪ್ಪಿಕೊಂಡರೂ, ಫೋನ್ ಇಟ್ಟ ಹತ್ತು ನಿಮಿಷದಲ್ಲಿ ‘ಈಗ ತಾವು ಹೇಳಿದಂತೆ’ ಎಂದು ಶುರುಮಾಡಿ ಒಂದು ಮೇಲ್ ಕಳುಹಿಸಿ. ಚೀಟಿ ಇಲ್ಲದ ಮಾತಿಗೆ ಗಂಜ್‌ನಲ್ಲಿ ಬೆಲೆ ಇಲ್ಲ, ಇಲ್ಲಿಯೂ ಇಲ್ಲ.

ಇನ್ನು ಒಂದು ನೋಟ್‌ಬುಕ್ ಇಡಿ. ನಾನು ಮಿಲ್ಲಿನ ಹಳೆಯ ಕೆಂಪು ರಟ್ಟಿನ ಕಿರ್ದಿಯನ್ನೇ ತಂದೆ. ಎಡಕ್ಕೆ ಜಮೆ, ಬಲಕ್ಕೆ ಖರ್ಚು, ಕೊನೆಗೆ ಬಾಕಿ, ಅದರ ಪಕ್ಕದಲ್ಲಿ ಅವಧಿ ಮುಗಿಯುವ ತಾರೀಖು. ಬಳಸದ ರಾತ್ರಿ ಮುಂದಿನ ವರ್ಷಕ್ಕೆ ಹೋಗುತ್ತದೋ, ಎಷ್ಟು ಹೋಗುತ್ತವೆ, ಯಾವಾಗ ಸಾಯುತ್ತವೆ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬೇರೆ. ರೆಸಾರ್ಟ್ ಮುಚ್ಚಿದ್ದರೂ ಆ ಗಡಿಯಾರ ನಿಲ್ಲುವುದಿಲ್ಲ. ನಿಲ್ಲಿಸಬೇಕಾದರೆ ಕೇಳಿ ಬರೆಯಿಸಿಕೊಳ್ಳಬೇಕು. ನನಗೆ 2020ರ 7 ರಾತ್ರಿಗಳನ್ನು 2022ರ ಮಾರ್ಚ್ 31ರವರೆಗೆ ಬಳಸಬಹುದು ಎಂಬ ಮೇಲ್ ಜೂನ್‌ನಲ್ಲಿ ಬಂತು. ಮುದ್ರಿಸಿ ಕಿರ್ದಿಗೆ ಅಂಟಿಸಿದೆ.

ಈಗ ಬಾಗಿಲಿನ ವಿಷಯ. 2020ರ ಜೂನ್ 8ರಿಂದ ಕಂಟೈನ್‌ಮೆಂಟ್ ವಲಯದ (ಸೋಂಕಿನಿಂದಾಗಿ ನಿರ್ಬಂಧ ಹಾಕಿದ ಪ್ರದೇಶದ) ಹೊರಗೆ ಹೋಟೆಲ್‌ಗಳನ್ನು ತೆರೆಯಬಹುದು ಎಂದು ಕೇಂದ್ರ ಹೇಳಿತು. ಅದು ಒಂದು ಬಾಗಿಲು. ಆ ಜಿಲ್ಲೆಯ ಆಡಳಿತ ಪ್ರವಾಸಿಗರನ್ನು ಒಳಗೆ ಬಿಡುತ್ತದೆಯೇ ಎಂಬುದು ಎರಡನೆಯದು. ಮೂರನೆಯದು ರೆಸಾರ್ಟಿನದೇ ಗೇಟು: ತೆರೆದಿದ್ದರೂ ಎಷ್ಟು ಕೋಣೆ, ಯಾವ ಬ್ಲಾಕ್, ಸದಸ್ಯರಿಗೋ ಅಥವಾ ರೊಕ್ಕ ಕೊಟ್ಟು ಬರುವ ಹೊರಗಿನವರಿಗೋ? ಜಾಲತಾಣದಲ್ಲಿ ‘ತೆರೆದಿದೆ’ ಎಂದು ಹಸಿರು ಅಕ್ಷರ ಕಂಡರೆ ಇವುಗಳಲ್ಲಿ ಯಾವ ಬಾಗಿಲು ತೆರೆದಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಕಂಪನಿಯ ಸಹಾಯವಾಣಿಗೆ ಮಾಡಿದರೆ ದೂರದ ಯಾವುದೋ ನಗರದಲ್ಲಿ ಕುಳಿತ ಹುಡುಗ ಅದೇ ಹಸಿರು ಅಕ್ಷರವನ್ನು ಓದಿ ಹೇಳುತ್ತಾನೆ. ನೇರವಾಗಿ ರೆಸಾರ್ಟಿನ ಸ್ವಾಗತ ಮೇಜಿನ ನಂಬರ್ ಹುಡುಕಿ. ನಾನು ಸಂಜೆ ಏಳರ ನಂತರ ಮಾಡುತ್ತಿದ್ದೆ. ಆ ಹೊತ್ತಿಗೆ ಮ್ಯಾನೇಜರ್ ಮನೆಗೆ ಹೋಗಿರುತ್ತಾರೆ, ಫೋನ್ ಎತ್ತಿದವರು ನಿಜ ಹೇಳುತ್ತಾರೆ. ಒಮ್ಮೆ ಎತ್ತಿದ್ದು ಕಾವಲುಗಾರರು. “ಎಲ್ಲಿಂದಮ್ಮಾ?” ಎಂದರು. ಕಲಬುರಗಿ ಎಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ದೇಶದಲ್ಲಿ ಮೊದಲು ತೀರಿಕೊಂಡವರು ನಮ್ಮ ಊರಿನ ಹಿರಿಯರು. ಅದಾದ ಮೇಲೆ ಎಷ್ಟೋ ತಿಂಗಳು ಊರ ಹೆಸರು ಹೇಳಿದರೆ ಇದೇ ಮೌನ. ಆಮೇಲೆ ಅವರೇ ಮೆಲ್ಲಗೆ ಅಂದರು: “ಕೋಣೆ ಇದೆ ಅಮ್ಮಾ, ಅಡುಗೆಯವರು ಇಲ್ಲ. ಎಲ್ಲ ಊರಿಗೆ ಹೋದವರು ಇನ್ನೂ ಬಂದಿಲ್ಲ.” ಅದೇ ಬೆಳಿಗ್ಗೆ ಸಹಾಯವಾಣಿಯ ಹುಡುಗ ಮೂರು ಹೊತ್ತಿನ ಬಫೆ ಇದೆ ಎಂದಿದ್ದ.

ಹಾಗಾಗಿ ‘ತೆರೆದಿದೆಯೇ’ ಎಂದು ಕೇಳಬೇಡಿ. ಅಡುಗೆ ಯಾರು ಮಾಡುತ್ತಿದ್ದಾರೆ, ನಿನ್ನೆ ರಾತ್ರಿ ಎಷ್ಟು ಕೋಣೆಗಳಲ್ಲಿ ಜನ ಇದ್ದರು, ನಡುವೆ ಯಾರಿಗಾದರೂ ಜ್ವರ ಬಂದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ, ಈಜುಕೊಳದಲ್ಲಿ ನೀರಿದೆಯೇ ಎಂದು ಕೇಳಿ. ಈಜುಕೊಳವನ್ನು ಎಲ್ಲರಿಗೂ ತೆರೆಯಲು ಕೇಂದ್ರ ಒಪ್ಪಿದ್ದು 2021ರ ಫೆಬ್ರುವರಿ 1ರಿಂದ. ಅದಕ್ಕೆ ಮೊದಲು ಹೋದ ಮಕ್ಕಳೆಲ್ಲ ಖಾಲಿ ಹೊಂಡ ನೋಡಿ ಬಂದರು. ಅತ್ತೆಯವರಂಥ ಹಿರಿಯರಿದ್ದರೆ ಅವರ ವಯಸ್ಸನ್ನೂ ಮೊದಲೇ ಹೇಳಿ. 65 ದಾಟಿದವರು ಮನೆಯಲ್ಲೇ ಇರಲಿ ಎಂಬ ಸರ್ಕಾರದ ಸಲಹೆ ಆಗ ಇತ್ತು, ಕೆಲವು ಕಡೆ ಅದನ್ನೇ ನಿಯಮ ಮಾಡಿಕೊಂಡು ಗೇಟಿನಲ್ಲಿ ನಿಲ್ಲಿಸಿದರು.

ಹೋಗುವ ದಾರಿಯಷ್ಟೇ ಮರಳುವ ದಾರಿಯನ್ನೂ ನೋಡಿ. ನಮ್ಮ ಭಾಗದವರು ಇದನ್ನು ಮರೆಯುತ್ತಾರೆ, ಏಕೆಂದರೆ ಸೊಲ್ಲಾಪುರವನ್ನು ನಾವು ಪರರಾಜ್ಯ ಎಂದು ಎಣಿಸಿದ್ದೇ ಇಲ್ಲ. 2021ರಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿ–ಪಿಸಿಆರ್ ಕೊರೊನಾ ಪರೀಕ್ಷೆಯ ವರದಿ ಬೇಕೆಂದು ಗಡಿಯಲ್ಲಿ ತಪಾಸಣೆ ಶುರುವಾದಾಗ, ಮಹಾಬಲೇಶ್ವರಕ್ಕೆ ಹೋದ ನಮ್ಮ ಓಣಿಯ ಒಂದು ಕುಟುಂಬ ನಾಲ್ಕು ದಿನದ ಹಿಂದಿನ ವರದಿ ಹಿಡಿದುಕೊಂಡು ಚೆಕ್‌ಪೋಸ್ಟ್‌ನಲ್ಲಿ ಅರ್ಧ ದಿನ ಕುಳಿತಿತ್ತು. ಹೋಗುವಾಗಿನ ವರದಿ ಬರುವಾಗ ಹಳಸಿರುತ್ತದೆ.

ವಾರ್ಷಿಕ ಶುಲ್ಕದ ಬಗ್ಗೆ ಹಲವರು ಕೇಳುತ್ತಾರೆ: ಮುಚ್ಚಿದ ರೆಸಾರ್ಟಿಗೆ ಯಾಕೆ ಕಟ್ಟಬೇಕು? ಸಿಟ್ಟು ಸರಿ. ಆದರೆ ಕಟ್ಟದೆ ಸುಮ್ಮನಿದ್ದರೆ ಬಡ್ಡಿ ಬೆಳೆಯುತ್ತದೆ, ಬುಕಿಂಗ್ ನಿಲ್ಲುತ್ತದೆ, ಆಮೇಲೆ ತಪ್ಪು ನಿಮ್ಮದಾಗುತ್ತದೆ. ಮೊದಲು ರಿಯಾಯಿತಿ ಕೇಳಿ ಬರೆಯಿರಿ. ಕೊಡದಿದ್ದರೆ ‘ಆಕ್ಷೇಪಕ್ಕೆ ಒಳಪಟ್ಟು ಪಾವತಿಸುತ್ತಿದ್ದೇನೆ’ ಎಂದು ಮೇಲ್ ಹಾಕಿ ಕಟ್ಟಿ. ಒಪ್ಪಂದದಲ್ಲಿ ಸಾಮಾನ್ಯವಾಗಿ ದೈವಾಧೀನ ಘಟನೆಗಳ, ಅಂದರೆ ಯಾರ ಕೈಯಲ್ಲೂ ಇಲ್ಲದ ವಿಪತ್ತುಗಳ, ಕಲಮು ಇರುತ್ತದೆ. ಅದನ್ನು ಎರಡು ಸಲ ಓದಿ: ಕಂಪನಿಗೆ ಮಾತ್ರ ಬಿಡುಗಡೆ ಕೊಡುತ್ತದೋ, ನಿಮಗೂ ಕೊಡುತ್ತದೋ?

ಯಾವುದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಗ್ರಾಹಕ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ಇನ್ನು ‘ನಿಮ್ಮ ಸದಸ್ಯತ್ವ ಮಾರಿಸಿ ಕೊಡುತ್ತೇವೆ, ಮೊದಲು ನೋಂದಣಿ ಹಣ ಹಾಕಿ’ ಎಂದು ಬರುವ ಕರೆಯನ್ನು ಅಲ್ಲಿಯೇ ಕತ್ತರಿಸಿ.

ನಾವು ಕೊನೆಗೆ ಹೋದದ್ದು 2021ರ ಜನವರಿಯಲ್ಲಿ. ಕಾವಲುಗಾರರ ಮಾತು ನೆನಪಿಟ್ಟುಕೊಂಡು ಅತ್ತೆ ಐವತ್ತು ಕಟಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿದ್ದರು. ಅಡುಗೆಯವರು ಅಷ್ಟರಲ್ಲಿ ಬಂದಿದ್ದರು, ಆದರೆ ಊಟದ ಹಾಲ್‌ನಲ್ಲಿ ನಮ್ಮನ್ನು ಬಿಟ್ಟರೆ ಒಂದೇ ಮೇಜು. ರೊಟ್ಟಿಯನ್ನು ಅವರಿಗೂ ಕೊಟ್ಟೆವು. ಈಜುಕೊಳದ ತಳದಲ್ಲಿ ಸಿಲ್ವರ್ ಓಕ್ ಎಲೆಗಳು ಬಿದ್ದಿದ್ದವು, ಮಗ ಮೆಟ್ಟಿಲ ಮೇಲೆ ಕುಳಿತು ಅವನ್ನೇ ನೋಡುತ್ತಿದ್ದ.

ಊರಿಗೆ ಬಂದ ರಾತ್ರಿ ಕಿರ್ದಿ ತೆಗೆದೆ. ಹಿಂದಿನ ವರ್ಷದ ಜಮೆ 7, ಈ ವರ್ಷದ್ದು 7, ಖರ್ಚು 3, ಬಾಕಿ 11. ಕಂಪನಿಯ ಖಾತೆ ತೆರೆದು ನೋಡಿದರೆ ಬಾಕಿ 4. ಹಳೆಯ ಏಳನ್ನು ಹೇಳದೆ ಕೇಳದೆ ಅಳಿಸಿದ್ದರು. ಜೂನ್‌ನ ಆ ಮೇಲ್‌ನ ಚಿತ್ರವನ್ನು ಲಗತ್ತಿಸಿ ಎರಡು ಸಾಲು ಬರೆದೆ. ಒಂಬತ್ತನೆಯ ದಿನ ಪರದೆಯ ಮೇಲೆ 11 ಬಂತು. ಅದರ ಚಿತ್ರವನ್ನೂ ತೆಗೆದು ಅಂಟಿಸಿದೆ.